ಎಚ್.ಎಲ್.ಎನ್. ಸಿಂಹ: ನಾಟಕದ ಹಸ್ತಪ್ರತಿಯಿಂದ ಬೆಳ್ಳಿತೆರೆಯವರೆಗೆ

ಕಲಬುರಗಿ: ಕನ್ನಡ ಚಿತ್ರರಂಗದ ಇತಿಹಾಸವನ್ನು ಕುರಿತ ರಸಪ್ರಶ್ನೆಗಳಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆಯೊಂದಿದೆ. ಮುತ್ತುರಾಜ್ ಎಂಬ ರಂಗನಟನಿಗೆ ರಾಜ್‌ಕುಮಾರ್ ಎಂಬ ಹೆಸರನ್ನಿತ್ತು ನಾಯಕನನ್ನಾಗಿ ಮಾಡಿದ ನಿರ್ದೇಶಕ ಯಾರು? ಉತ್ತರ ಬಹುಮಂದಿಗೆ ಗೊತ್ತು: ಎಚ್.ಎಲ್.ಎನ್. ಸಿಂಹ. ಆದರೆ ಆ ಒಂದು ಉತ್ತರದಾಚೆ ಸಿಂಹ ಅವರ ಬಗೆಗೆ ನಮ್ಮ ನೆನಪು ಮುಂದುವರಿಯುವುದಿಲ್ಲ. ಅವರು ನಾಟಕಕಾರರಾಗಿದ್ದರು, ನಟರಾಗಿದ್ದರು, ತಮ್ಮದೇ ಬರಹವನ್ನು ತಾವೇ ತೆರೆಗೆ ತಂದ ಕನ್ನಡದ ಮೊದಲ ತಲೆಮಾರಿನ ಬರಹಗಾರ-ನಿರ್ದೇಶಕರಾಗಿದ್ದರು ಎಂಬ ಸಂಗತಿ ಹಿನ್ನೆಲೆಗೆ ಸರಿದಿದೆ. ಒಬ್ಬ ಮಹಾನಟನ ಬೆಳಕಿನಲ್ಲಿ ಆ ನಟನನ್ನು ಆರಿಸಿದವರ ಸ್ವಂತ ಸಾಧನೆ ಮಸುಕಾಗಿದೆ.

1904ರಲ್ಲಿ ಜನಿಸಿ 1972ರಲ್ಲಿ ನಿಧನರಾದ ಸಿಂಹ ಅವರ ವೃತ್ತಿಜೀವನವನ್ನು ಇಂದು ಮತ್ತೆ ನೋಡುವುದಕ್ಕೆ ಎರಡು ಕಾರಣಗಳಿವೆ. ಕನ್ನಡ ಸಿನಿಮಾ ಕಂಪನಿ ನಾಟಕದ ಹಸ್ತಪ್ರತಿಯಿಂದ ಹೇಗೆ ಹುಟ್ಟಿತು ಎಂಬುದನ್ನು ಅದು ತಿಳಿಸುತ್ತದೆ. ಆಳಂದ, ಅಫಜಲಪುರ, ಜೇವರ್ಗಿಯಂತಹ ತಾಲ್ಲೂಕುಗಳು ಮೈಸೂರಿನ ಆಡಳಿತಕ್ಕೆ ಹೊರತಾಗಿದ್ದ ಕಾಲದಲ್ಲಿ ಆರಂಭವಾದ ಒಂದು ಕಲೆ, ಅವು ಒಂದೇ ರಾಜ್ಯಕ್ಕೆ ಸೇರುವ ಹೊತ್ತಿಗೆ ಎಲ್ಲ ಕನ್ನಡಿಗರ ಸಮಾನ ಆಸ್ತಿಯಾಗಿದ್ದು ಹೇಗೆ ಎಂಬುದನ್ನೂ ಅದು ವಿವರಿಸುತ್ತದೆ.

ಮಾತು ಬಂದ ಕಾಲ

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬೆಂಗಳೂರಿನಲ್ಲಿ ಬಿಡುಗಡೆಯಾದದ್ದು 1934ರ ಮಾರ್ಚ್ 3ರಂದು. ವೈ.ವಿ. ರಾವ್ ನಿರ್ದೇಶಿಸಿದ ಈ ಚಿತ್ರಕ್ಕೆ ಸಂಭಾಷಣೆ ಮತ್ತು ಹಾಡುಗಳನ್ನು ಬರೆದವರು ನಾಟಕಕಾರ ಬೆಳ್ಳಾವೆ ನರಹರಿ ಶಾಸ್ತ್ರಿ. ರಾವಣನಾದ ಆರ್. ನಾಗೇಂದ್ರರಾವ್, ಇಂದ್ರಜಿತುವಾದ ಎಂ.ವಿ. ಸುಬ್ಬಯ್ಯ ನಾಯ್ಡು ಇಬ್ಬರೂ ರಂಗಭೂಮಿಯವರು. ಹಣ ಹೂಡಿದವರು ಚಮನ್‌ಲಾಲ್ ಡೂಂಗಾಜಿ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಕಥೆ ಪುರಾಣದ್ದು, ನಟರು ನಾಟಕದವರು, ಸ್ಟುಡಿಯೋ ಪರವೂರಿನದು. ಮುಂದಿನ ಎರಡು ದಶಕ ಕನ್ನಡ ಸಿನಿಮಾ ನಡೆದ ಹಾದಿಯ ನಕ್ಷೆ ಈ ಮೊದಲ ಚಿತ್ರದಲ್ಲೇ ಇತ್ತೆನ್ನಬಹುದು.

ನಟರೂ ಬರಹಗಾರರೂ ರಂಗಭೂಮಿಯಿಂದಲೇ ಬಂದದ್ದು ಆಕಸ್ಮಿಕವಲ್ಲ. ಮೂಕಿ ಚಿತ್ರಕ್ಕೆ ಭಾಷೆಯ ಹಂಗಿರಲಿಲ್ಲ. ನಡುನಡುವೆ ಬರಹದ ಫಲಕ ತೋರಿಸಿದರೆ ಸಾಕಾಗಿತ್ತು. ಮಾತು ಬಂದ ಕೂಡಲೇ ಸ್ಪಷ್ಟ ಉಚ್ಚಾರಣೆಯುಳ್ಳವರು, ಹಾಡಬಲ್ಲವರು, ಉದ್ದ ಸಂಭಾಷಣೆಯನ್ನು ಕಂಠಪಾಠ ಮಾಡಬಲ್ಲವರು ಬೇಕಾದರು. ಹಿನ್ನೆಲೆ ಗಾಯನದ ಪದ್ಧತಿ ಇನ್ನೂ ನೆಲೆಯೂರದ ಆ ಕಾಲದಲ್ಲಿ ನಟಿಸುವವರೇ ಹಾಡಬೇಕಿತ್ತು. ಇಷ್ಟೆಲ್ಲ ಗುಣಗಳು ಒಂದೆಡೆ ಸಿಗುತ್ತಿದ್ದ ಜಾಗ ಕಂಪನಿ ನಾಟಕವೊಂದೇ. ಬರಹಗಾರರ ವಿಷಯದಲ್ಲೂ ಹೀಗೆಯೇ. ಚಿತ್ರಕಥೆ ಎಂಬ ಪ್ರತ್ಯೇಕ ಕಸುಬು ಕನ್ನಡದಲ್ಲಿರಲಿಲ್ಲ. ಎರಡು ಮೂರು ಗಂಟೆ ಜನರನ್ನು ಹಿಡಿದು ಕೂರಿಸುವ ಕಥೆಯನ್ನು ಕಟ್ಟಬಲ್ಲವರು ನಾಟಕಕಾರರೇ ಆಗಿದ್ದರು. ಸಿಂಹ ಚಿತ್ರರಂಗಕ್ಕೆ ಬಂದದ್ದು ಈ ಬಾಗಿಲಿನಿಂದ.

ಸಂಸ್ಥಾನದ ಗಡಿಯೊಳಗೆ

ಅದೇ ಕಾಲದಲ್ಲಿ ಭೀಮಾ ತೀರದ ಸ್ಥಿತಿ ಬೇರೆಯಾಗಿತ್ತು. ಆಳಂದ, ಅಫಜಲಪುರ, ಜೇವರ್ಗಿ ಸೇರಿದಂತೆ ಅಂದಿನ ಗುಲಬರ್ಗಾ ಜಿಲ್ಲೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಈ ಭಾಗದ ಹಲವು ಊರುಗಳು ಪಾಯಿಗಾ ಜಹಗೀರುಗಳಿಗೆ ಸೇರಿದ್ದವು. ಆಡಳಿತದ ಭಾಷೆ ಉರ್ದು. ಕನ್ನಡ ಮನೆಯಲ್ಲಿ, ಮಠದಲ್ಲಿ, ಭಜನೆಯಲ್ಲಿ, ಬಯಲಾಟದಲ್ಲಿ ಉಳಿದಿತ್ತೇ ಹೊರತು ಕಚೇರಿಯಲ್ಲಿ ಇರಲಿಲ್ಲ.

ಹೈದರಾಬಾದಿನಲ್ಲಿ ಸಿನಿಮಾ ತಯಾರಿಕೆ ಆರಂಭವೇ ಆಗಲಿಲ್ಲವೆಂದಲ್ಲ. ಬಂಗಾಳದ ಧೀರೇಂದ್ರನಾಥ ಗಂಗೂಲಿ 1922ರಲ್ಲಿ ಅಲ್ಲಿ ಲೋಟಸ್ ಫಿಲಂ ಕಂಪನಿ ಸ್ಥಾಪಿಸಿ ಮೂಕಿ ಚಿತ್ರಗಳನ್ನು ತಯಾರಿಸಿದರು. ಅವರೂ ಬರೆದು, ನಿರ್ದೇಶಿಸಿ, ನಟಿಸುತ್ತಿದ್ದವರೇ. ಆದರೆ 1924ರಲ್ಲಿ ಅವರು 'ರಜಿಯಾ ಬೇಗಂ' ಎಂಬ ಮುಂಬಯಿಯ ಚಿತ್ರವನ್ನು ಪ್ರದರ್ಶಿಸಿದರು. ದೆಹಲಿಯ ಸುಲ್ತಾನಳೊಬ್ಬಳ ಪ್ರೇಮಕಥೆ ಅರಮನೆಗೆ ಸಹ್ಯವಾಗಲಿಲ್ಲ. ಇಪ್ಪತ್ನಾಲ್ಕು ಗಂಟೆಯೊಳಗೆ ಸಂಸ್ಥಾನ ಬಿಟ್ಟು ಹೋಗಬೇಕೆಂದು ಗಂಗೂಲಿಯವರಿಗೆ ಆಜ್ಞೆಯಾಯಿತು. ಅವರು ಕಲ್ಕತ್ತೆಗೆ ಮರಳಿದರು, ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೂ ಪಾತ್ರರಾದರು. ಆದರೆ ಸಂಸ್ಥಾನದಲ್ಲಿ ಅವರು ಹಚ್ಚಿದ್ದ ಒಲೆ ಆರಿತು.

ಹೀಗಾಗಿ ಕಲ್ಯಾಣ ಕರ್ನಾಟಕದ ಕನ್ನಡಿಗರ ಪಾಲಿಗೆ ಕನ್ನಡ ಸಿನಿಮಾ ತಮ್ಮ ರಾಜಧಾನಿಯಿಂದ ಬರಲಿಲ್ಲ. ಅದು ಮೈಸೂರು ಸೀಮೆಯ ನಾಟಕ ಕಂಪನಿಗಳಲ್ಲಿ ಬೇರುಬಿಟ್ಟು, ಕೊಲ್ಹಾಪುರ ಹಾಗೂ ಮದರಾಸಿನ ಸ್ಟುಡಿಯೋಗಳಲ್ಲಿ ರೂಪ ತಾಳಿ, ಬಳಿಕ ಇತ್ತ ಬರಬೇಕಾಯಿತು.

ಮನೆಯೊಳಗಿನ ಕಥೆ: 'ಸಂಸಾರ ನೌಕೆ'

ಮೊದಲ ಕನ್ನಡ ವಾಕ್ಚಿತ್ರಗಳೆಲ್ಲ ಪುರಾಣ, ಭಕ್ತಿ, ಜಾನಪದದ ಕಥೆಗಳನ್ನೇ ನೆಚ್ಚಿಕೊಂಡಿದ್ದವು. 1934ರ 'ಭಕ್ತ ಧ್ರುವ', 1935ರ 'ಸದಾರಮೆ' ಇದಕ್ಕೆ ಉದಾಹರಣೆ. ಪ್ರೇಕ್ಷಕರಿಗೆ ಕಥೆ ಮೊದಲೇ ಗೊತ್ತಿರುತ್ತಿತ್ತು. ವೇಷಭೂಷಣ ಕಂಪನಿಯಲ್ಲೇ ಸಿದ್ಧವಿರುತ್ತಿತ್ತು. ಹಣ ಹೂಡುವವರಿಗೆ ಇದಕ್ಕಿಂತ ಸುರಕ್ಷಿತ ದಾರಿ ಇರಲಿಲ್ಲ.

ಆ ದಾರಿಯನ್ನು ಬಿಟ್ಟು ನಡೆದವರು ಸಿಂಹ. ಖ್ಯಾತ ನಟ ಮಹಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿಯ ರಂಗದ ಮೇಲೆ ಸಿಂಹ ಅವರ 'ಸಂಸಾರ ನೌಕೆ' ನಾಟಕ ಹೆಸರು ಮಾಡಿತ್ತು. 1936ರಲ್ಲಿ ಮದರಾಸಿನ ದೇವಿ ಫಿಲಂಸ್ ಅದನ್ನು ಚಿತ್ರವಾಗಿಸಿದಾಗ ನಿರ್ದೇಶನದ ಹೊಣೆಯನ್ನೂ ನಾಟಕಕಾರರೇ ಹೊತ್ತರು. ನಾಯಕನಾಗಿ ಬಿ.ಆರ್. ಪಂತುಲು, ನಾಯಕಿಯಾಗಿ ಎಂ.ವಿ. ರಾಜಮ್ಮ ತೆರೆಗೆ ಬಂದರು. ಡಿಕ್ಕಿ ಮಾಧವರಾವ್ ಮತ್ತೊಂದು ಮುಖ್ಯ ಪಾತ್ರದಲ್ಲಿದ್ದರು.

ಕನ್ನಡದ ಮೊದಲ ಸಾಮಾಜಿಕ ಚಿತ್ರವೆಂದು ಇಂದು ಗುರುತಿಸಲಾಗುವ ಇದರಲ್ಲಿ ದೇವರುಗಳಿಲ್ಲ, ರಾಕ್ಷಸರಿಲ್ಲ. ಹಿರಿಯರ ಇಚ್ಛೆಗೆ ವಿರುದ್ಧವಾಗಿ ಮದುವೆಯಾದ ತರುಣ, ಅದನ್ನು ಒಪ್ಪದ ಸಂಪ್ರದಾಯಸ್ಥ ಅಜ್ಜ, ಮನೆ ಬಿಟ್ಟು ಹೊರಟ ದಂಪತಿಗೆ ಎದುರಾಗುವ ಬಡತನ, ನಿರುದ್ಯೋಗ, ಸುಳ್ಳು ಆಪಾದನೆ ಇವೇ ಕಥೆಯ ವಸ್ತು. ನೋಡುವವರು ತಮ್ಮ ಪಕ್ಕದ ಮನೆಯಲ್ಲಿ ಕಂಡಿರಬಹುದಾದ ಕಥೆ. ಪಂಚೆ, ಸೀರೆ, ಅಂಗಿ ತೊಟ್ಟ ಮನುಷ್ಯರು ಕನ್ನಡ ತೆರೆಯ ಮೇಲೆ ತಮ್ಮ ಕಾಲದ ಸಂಕಟವನ್ನು ಆಡಿಕೊಂಡದ್ದು ಅಂದು ಹೊಸತಾಗಿತ್ತು.

ಈ ಚಿತ್ರದ ಫಲ ಒಂದೇ ಚಿತ್ರಕ್ಕೆ ನಿಲ್ಲಲಿಲ್ಲ. ಇದರಿಂದ ಚಿತ್ರರಂಗಕ್ಕೆ ಕಾಲಿಟ್ಟ ಪಂತುಲು ಮುಂದೆ ನಿರ್ಮಾಪಕ-ನಿರ್ದೇಶಕರಾಗಿ 'ಸ್ಕೂಲ್ ಮಾಸ್ಟರ್', 'ಕಿತ್ತೂರು ಚೆನ್ನಮ್ಮ', 'ಶ್ರೀಕೃಷ್ಣದೇವರಾಯ' ಚಿತ್ರಗಳನ್ನು ಕೊಟ್ಟರು. ರಾಜಮ್ಮ 1943ರಲ್ಲಿ 'ರಾಧಾರಮಣ' ಚಿತ್ರ ನಿರ್ಮಿಸಿ ಕನ್ನಡದ ಮೊದಲ ಮಹಿಳಾ ನಿರ್ಮಾಪಕರೆನಿಸಿದರು. ಕಲಾವಿದರನ್ನು ಗುರುತಿಸುವ ಸಿಂಹ ಅವರ ಕಣ್ಣು 1954ರಲ್ಲಿ ಮೊದಲ ಬಾರಿಗೆ ತೆರೆದದ್ದಲ್ಲ ಎಂಬುದಕ್ಕೆ ಇದು ಸಾಕ್ಷಿ.

ನಾಟಕ ಚಿತ್ರಕಥೆಯಾಗುವ ಬಗೆ

ಬರೆದವರೇ ನಿರ್ದೇಶಿಸುವುದರಿಂದ ಏನು ಪ್ರಯೋಜನ? ಕಂಪನಿ ನಾಟಕದ ರಚನೆಯನ್ನು ಗಮನಿಸಿದರೆ ಇದು ಅರ್ಥವಾಗುತ್ತದೆ. ನಾಟಕದಲ್ಲಿ ಕಥೆ ನಡೆಯುವುದು ಪರದೆಗಳ ಲೆಕ್ಕದಲ್ಲಿ. ಮುಂದಿನ ಪರದೆ ಇಳಿದಾಗ ಬೀದಿಯ ದೃಶ್ಯ ಅಥವಾ ಹಾಸ್ಯದ ಜೋಡಿಯ ಪ್ರಸಂಗ. ಆ ಹೊತ್ತಿನಲ್ಲಿ ಹಿಂದೆ ಅರಮನೆಯನ್ನೋ ಕಾಡನ್ನೋ ಸಜ್ಜುಗೊಳಿಸುತ್ತಾರೆ. ಹಾಸ್ಯ ಪ್ರಸಂಗ ನಗಿಸುವುದಕ್ಕೆ ಎಷ್ಟು ಬೇಕೋ ರಂಗಸಜ್ಜಿಕೆಗೆ ಸಮಯ ಒದಗಿಸುವುದಕ್ಕೂ ಅಷ್ಟೇ ಬೇಕು. ಸಿನಿಮಾದಲ್ಲಿ ಆ ಅಗತ್ಯವಿಲ್ಲ. ಆದರೂ ಹಾಸ್ಯದ ಜೋಡಿ ಕನ್ನಡ ಚಿತ್ರಗಳಲ್ಲಿ ದಶಕಗಳ ಕಾಲ ಉಳಿಯಿತು. ಕಾರಣ ತಾಂತ್ರಿಕವಲ್ಲ, ಪ್ರೇಕ್ಷಕರ ರೂಢಿ.

ರಂಗದಲ್ಲಿ ಕೊನೆಯ ಸಾಲಿನವರಿಗೂ ಕೇಳುವಂತೆ ಮಾತನ್ನು ಏರಿಸಬೇಕು, ಕೈಯನ್ನು ಬೀಸಬೇಕು. ಕ್ಯಾಮೆರಾ ಹತ್ತಿರ ಬಂದಾಗ ಅದೇ ಅಭಿನಯ ಅತಿಯಾಗಿ ಕಾಣುತ್ತದೆ. ರಂಗದಲ್ಲಿ ಪಾತ್ರ ತನ್ನ ದುಃಖವನ್ನು ಹಾಡಿ ಹೇಳಬೇಕು. ತೆರೆಯ ಮೇಲೆ ಮುಖವೊಂದನ್ನು ಕ್ಷಣಕಾಲ ತೋರಿಸಿದರೂ ಸಾಕು. ಯಾವ ಮಾತು ಉಳಿಯಬೇಕು, ಯಾವುದು ಹೋಗಬೇಕು ಎಂದು ನಿರ್ಧರಿಸುವ ಧೈರ್ಯ ಬರೆದವರಿಗಿರುವಷ್ಟು ಬೇರೆಯವರಿಗೆ ಇರುವುದಿಲ್ಲ. ಇತರರು ಪ್ರಸಿದ್ಧ ನಾಟಕದ ಸಾಲನ್ನು ಕತ್ತರಿಸಲು ಹಿಂಜರಿಯುತ್ತಾರೆ. ಪ್ರೇಕ್ಷಕರು ಎಲ್ಲಿ ಚಪ್ಪಾಳೆ ತಟ್ಟುತ್ತಿದ್ದರು, ಎಲ್ಲಿ ಆಕಳಿಸುತ್ತಿದ್ದರು ಎಂಬುದು ಬರೆದು ಆಡಿಸಿದವರಿಗೆ ಗೊತ್ತಿರುತ್ತದೆ.

ನಮ್ಮ ಭಾಗದ ಓದುಗರಿಗೆ ಈ ಸಂಗತಿ ಹೊಸತಲ್ಲ. ಊರ ಜಾತ್ರೆಗೆ ನಾಟಕ ಕಲಿಸುವ ಪೇಟಿ ಮಾಸ್ತರ ಹಾರ್ಮೋನಿಯಂ ನುಡಿಸುವುದಷ್ಟೇ ಅಲ್ಲ, ಮಾತು ತಿದ್ದುತ್ತಾನೆ, ಪಾತ್ರ ಹಂಚುತ್ತಾನೆ, ಹಾಡು ಕಟ್ಟುತ್ತಾನೆ, ಎಲ್ಲಿ ನಿಲ್ಲಬೇಕೆಂದು ತೋರಿಸುತ್ತಾನೆ. ಆರಂಭಕಾಲದ ಬರಹಗಾರ-ನಿರ್ದೇಶಕ ಆ ಮಾಸ್ತರನ ಕೆಲಸವನ್ನೇ ಕ್ಯಾಮೆರಾದ ಮುಂದೆ ಮಾಡಿದ.

ಎರಡನೆಯ ಇನಿಂಗ್ಸ್

'ಸಂಸಾರ ನೌಕೆ'ಯ ನಂತರ ಕನ್ನಡದಲ್ಲಿ ಸಾಮಾಜಿಕ ಚಿತ್ರಗಳ ಪ್ರವಾಹವೇನೂ ಹರಿಯಲಿಲ್ಲ. ವರ್ಷಕ್ಕೆ ತಯಾರಾಗುತ್ತಿದ್ದ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು. ಕೆಲವು ವರ್ಷ ಒಂದೂ ಇಲ್ಲ. ಕನ್ನಡಿಗರು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ಹೈದರಾಬಾದ್ ಸಂಸ್ಥಾನ, ಕೊಡಗು ಎಂದು ಹಂಚಿಹೋಗಿದ್ದರು. ಹಾಕಿದ ಹಣ ಮರಳಿ ಬರುವಷ್ಟು ದೊಡ್ಡ, ಒಂದೇ ಆದ ಮಾರುಕಟ್ಟೆ ಇರಲಿಲ್ಲ. ಮುಂಬಯಿ ಕರ್ನಾಟಕ ಹಾಗೂ ಹೈದರಾಬಾದ್ ಕರ್ನಾಟಕದ ಪಟ್ಟಣಗಳಿಗೆ ಮರಾಠಿ ಮತ್ತು ಹಿಂದಿ ಚಿತ್ರಗಳು ಸಲೀಸಾಗಿ ಬರುತ್ತಿದ್ದವು. ಅಫಜಲಪುರ, ಆಳಂದದ ಜನರಿಗೆ ಬೆಂಗಳೂರಿಗಿಂತ ಸೊಲ್ಲಾಪುರ ಹತ್ತಿರ.

ಇಂತಹ ಸ್ಥಿತಿಯಲ್ಲಿ ಗುಬ್ಬಿ ವೀರಣ್ಣನವರ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಮದರಾಸಿನ ಎವಿಎಂ ಸಂಸ್ಥೆಯ ಜೊತೆ ಕೈಜೋಡಿಸಿತು. ಎ.ವಿ. ಮೆಯ್ಯಪ್ಪನ್ ಅವರ ಸ್ಟುಡಿಯೋ, ಗುಬ್ಬಿ ಕಂಪನಿಯ ಕಲಾವಿದರು, ನಿರ್ದೇಶನಕ್ಕೆ ಸಿಂಹ. ಈ ಕೂಟದಿಂದ 1953ರಲ್ಲಿ 'ಗುಣಸಾಗರಿ' ಬಂದಿತು. ಹೊನ್ನಪ್ಪ ಭಾಗವತರ್, ಪಂಡರಿಬಾಯಿ ಅದರ ಮುಖ್ಯ ಕಲಾವಿದರು. ಇದೇ ಕೂಟ ಮರುವರ್ಷ ಕೈಗೆತ್ತಿಕೊಂಡ ಚಿತ್ರವೇ 'ಬೇಡರ ಕಣ್ಣಪ್ಪ'.

'ಬೇಡರ ಕಣ್ಣಪ್ಪ': ಭಕ್ತನಾರು?

1954ರ ಮೇ 7ರಂದು ತೆರೆಕಂಡ ಈ ಚಿತ್ರ ಜಿ.ವಿ. ಅಯ್ಯರ್ ಅವರ ಬರಹವನ್ನು ಆಧರಿಸಿದ್ದು. ಸಂಗೀತ ಆರ್. ಸುದರ್ಶನಂ ಅವರದು. ಕಂಪನಿ ನಾಟಕಗಳಲ್ಲಿ ಬೆಳೆದ, ಅದಕ್ಕೆ ಮೊದಲು ಸಣ್ಣಪುಟ್ಟ ಪಾತ್ರಗಳಲ್ಲಷ್ಟೇ ತೆರೆಯ ಮೇಲೆ ಕಾಣಿಸಿಕೊಂಡಿದ್ದ ಗಾಜನೂರಿನ ಮುತ್ತುರಾಜ್ ಅವರನ್ನು ಸಿಂಹ ನಾಯಕನ ಪಾತ್ರಕ್ಕೆ ಆರಿಸಿ ರಾಜ್‌ಕುಮಾರ್ ಎಂದು ಹೆಸರಿಟ್ಟರು. ನಾಯಕಿ ಪಂಡರಿಬಾಯಿ. ಹಾಸ್ಯನಟ ನರಸಿಂಹರಾಜು ಅವರಿಗೂ, ನಟರಾಗಿ ಅಯ್ಯರ್ ಅವರಿಗೂ ಇದು ಹೆಸರು ತಂದುಕೊಟ್ಟಿತು.

ಕಣ್ಣಪ್ಪನ ಕಥೆ ಕನ್ನಡಕ್ಕೆ ಹೊಸತಲ್ಲ. ಅರವತ್ಮೂರು ಪುರಾತನರಲ್ಲಿ ಒಬ್ಬನಾದ ಈ ಬೇಡನನ್ನು ಕುರಿತು ಹರಿಹರ ಕವಿ ರಗಳೆಯನ್ನೇ ರಚಿಸಿದ್ದಾನೆ. ಶಾಸ್ತ್ರ ತಿಳಿಯದ ಬೇಟೆಗಾರ ತಾನು ತಿನ್ನುವ ಮಾಂಸವನ್ನೇ ಲಿಂಗಕ್ಕೆ ಎಡೆ ಮಾಡುತ್ತಾನೆ; ಲಿಂಗದ ಕಣ್ಣಲ್ಲಿ ನೆತ್ತರು ಕಂಡಾಗ ತನ್ನ ಕಣ್ಣನ್ನೇ ಕಿತ್ತು ಇಡುತ್ತಾನೆ. ಶ್ರೀಕಾಳಹಸ್ತಿಯ ಸ್ಥಳಪುರಾಣವೂ ಇದೇ.

ಸಿಂಹ ಈ ಕಥೆಯನ್ನು ಕೇವಲ ಪವಾಡವಾಗಿ ತೋರಿಸಲಿಲ್ಲ. ಚಿತ್ರದಲ್ಲಿ ಬೇಡರ ದಿಣ್ಣ ತನ್ನ ಹಟ್ಟಿಯಿಂದ ಹೊರದೂಡಲ್ಪಟ್ಟು ಹೆಂಡತಿಯೊಡನೆ ಊರಿಗೆ ಬರುತ್ತಾನೆ. ದೇವಸ್ಥಾನದ ಒಡವೆ ಕದ್ದನೆಂಬ ಆಪಾದನೆಯನ್ನು ಅರ್ಚಕ ಅವನ ಮೇಲೆ ಹೊರಿಸುತ್ತಾನೆ. ದಿಣ್ಣ ಚಿತ್ರಹಿಂಸೆಗೆ ಒಳಗಾಗುತ್ತಾನೆ. ಮಂತ್ರ ಬಲ್ಲವನು ಒಂದು ಕಡೆ, ಮನಸ್ಸು ಕೊಟ್ಟವನು ಇನ್ನೊಂದು ಕಡೆ. ಗುಡಿಯ ಒಡೆಯನೆಂದು ಕರೆಸಿಕೊಳ್ಳುವ ಅರ್ಹತೆ ಯಾರಿಗೆ ಎಂಬ ಪ್ರಶ್ನೆ ಇಡೀ ಚಿತ್ರದ ಬೆನ್ನೆಲುಬು. 'ಸಂಸಾರ ನೌಕೆ'ಯಲ್ಲಿ ಮನೆಯ ಹಿರಿತನದ ಮುಂದಿಟ್ಟ ಪ್ರಶ್ನೆಯನ್ನೇ ಸಿಂಹ ಇಲ್ಲಿ ಗುಡಿಯ ಹಿರಿತನದ ಮುಂದಿಟ್ಟಿದ್ದಾರೆ. ಪುರಾಣವನ್ನು ಬಿಟ್ಟುಬಂದಿದ್ದ ನಿರ್ದೇಶಕ ಪುರಾಣಕ್ಕೆ ಮರಳಿದಾಗ ಬರಿಗೈಯಲ್ಲಿ ಮರಳಲಿಲ್ಲ.

ಶರಣರ ನಾಡಾದ ಕಲಬುರಗಿ ಸೀಮೆಗೆ ಈ ಪ್ರಶ್ನೆ ಪರಿಚಿತವಾದದ್ದು. ಹಿಂದಿನ ಜೇವರ್ಗಿ ತಾಲ್ಲೂಕಿನ ಕಡಕೋಳದ ಮಡಿವಾಳಪ್ಪನವರ ತತ್ವಪದಗಳು ಜಾತಿ, ಆಚಾರಗಳ ಡಾಂಭಿಕತೆಯನ್ನು ತರಾಟೆಗೆ ತೆಗೆದುಕೊಂಡಂಥವು. ಆಳಂದದ ಲಾಡ್ಲೆ ಮಶಾಯಕರ ದರ್ಗಾಕ್ಕೆ, ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತನ ಸನ್ನಿಧಿಗೆ ಹೋಗುವ ಭಕ್ತರಲ್ಲಿ ಯಾವ ಜಾತಿಯವರಿಲ್ಲ? ಮಾಂಸದ ಎಡೆಯನ್ನು ಶಿವ ಒಪ್ಪಿದನೆಂಬ ಕಥೆ ಇಲ್ಲಿನ ಪ್ರೇಕ್ಷಕನಿಗೆ ಆಘಾತವಲ್ಲ, ಸಮ್ಮತಿ. ಮೈಸೂರು ಸೀಮೆಯವರು ಮದರಾಸಿನಲ್ಲಿ ತಯಾರಿಸಿದ ಚಿತ್ರ ಭೀಮಾ ತೀರದವರಿಗೂ ತಮ್ಮದೇ ಎನಿಸಬಲ್ಲದ್ದಾದರೆ ಅದಕ್ಕೆ ಕಾರಣ ಭಾಷೆಯೊಂದೇ ಅಲ್ಲ, ಈ ಸಮಾನ ಪರಂಪರೆ.

ಮೂರು ಭಾಷೆಗೆ ಹಬ್ಬಿದ ಯಶಸ್ಸು

'ಬೇಡರ ಕಣ್ಣಪ್ಪ' ಅಂದಿನ ಮಟ್ಟಿಗೆ ಅಪೂರ್ವ ಯಶಸ್ಸು ಕಂಡಿತು. ರಾಷ್ಟ್ರ ಮಟ್ಟದಲ್ಲಿ ಆಗಷ್ಟೇ ಆರಂಭವಾಗಿದ್ದ ಚಲನಚಿತ್ರ ಪ್ರಶಸ್ತಿಗಳ ಎರಡನೆಯ ವರ್ಷದಲ್ಲಿ ಅರ್ಹತಾ ಪತ್ರವನ್ನೂ ಪಡೆಯಿತು. ಎವಿಎಂ ಸಂಸ್ಥೆ ಅದೇ ಕಥೆಯನ್ನು ತೆಲುಗಿನಲ್ಲಿ 'ಕಾಳಹಸ್ತಿ ಮಹಾತ್ಮ್ಯಂ' ಎಂದು 1954ರಲ್ಲೂ, ಹಿಂದಿಯಲ್ಲಿ 'ಶಿವ್ ಭಕ್ತ್' ಎಂದು 1955ರಲ್ಲೂ ತೆರೆಗೆ ತಂದಿತು. ಎರಡಕ್ಕೂ ಸಿಂಹ ಅವರೇ ನಿರ್ದೇಶಕರು. ತೆಲುಗು ಚಿತ್ರದಲ್ಲಿ ರಾಜ್‌ಕುಮಾರ್ ನಾಯಕರಾಗಿ ನಟಿಸಿದರು. ಅವರು ನಾಯಕನಾದ ತೆಲುಗು ಚಿತ್ರ ಅದೊಂದೇ. ಹಿಂದಿಯಲ್ಲಿ ಆ ಪಾತ್ರ ಶಾಹು ಮೋಡಕ್ ಅವರದಾಯಿತು.

ಕನ್ನಡದಲ್ಲಿ ಹುಟ್ಟಿದ ಚಿತ್ರವೊಂದು ಬೇರೆ ಭಾಷೆಗಳಿಗೆ ಹೋಗುವುದು ಇಂದು ಸುದ್ದಿಯಾಗುತ್ತದೆ. ಅದು ಎಪ್ಪತ್ತು ವರ್ಷಗಳ ಹಿಂದೆಯೇ ನಡೆದಿತ್ತು, ಮತ್ತು ಕನ್ನಡದ ನಿರ್ದೇಶಕರೇ ಅದನ್ನು ಮೂರು ಭಾಷೆಗಳಲ್ಲಿ ಮಾಡಿದ್ದರು. ಕಥೆಯ ಕಸುವು ಮುಂದೆಯೂ ಕುಂದಲಿಲ್ಲ. 1976ರಲ್ಲಿ ಬಾಪು ತೆಲುಗಿನಲ್ಲಿ 'ಭಕ್ತ ಕಣ್ಣಪ್ಪ' ಮಾಡಿದರು. 1988ರಲ್ಲಿ ಕನ್ನಡದ 'ಶಿವ ಮೆಚ್ಚಿದ ಕಣ್ಣಪ್ಪ'ದಲ್ಲಿ ಶಿವರಾಜ್‌ಕುಮಾರ್ ಕಣ್ಣಪ್ಪನಾದರೆ ರಾಜ್‌ಕುಮಾರ್ ಶಿವನಾದರು. 2025ರಲ್ಲಿ ವಿಷ್ಣು ಮಂಚು ನಾಯಕತ್ವದ 'ಕಣ್ಣಪ್ಪ' ತೆರೆಕಂಡಿತು.

ಇನ್ನೂ ಒಂದು ಸಂಗತಿ ಉಲ್ಲೇಖಾರ್ಹ. ಚಿತ್ರ ಗೆದ್ದರೂ ಕನ್ನಡ ಕಲಾವಿದರ ಕೈಗೆ ಎಡೆಬಿಡದೆ ಕೆಲಸ ಸಿಗಲಿಲ್ಲ. 1950ರ ದಶಕದ ಕೊನೆಯಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮೊದಲಾದವರು ತಂಡ ಕಟ್ಟಿಕೊಂಡು ನಾಡಿನ ಊರೂರುಗಳಲ್ಲಿ ನಾಟಕವಾಡಿದರು. 'ಬೇಡರ ಕಣ್ಣಪ್ಪ'ವೂ ಆ ನಾಟಕಗಳಲ್ಲೊಂದು. ನಾಟಕದಿಂದ ಹೊರಟು ಸಿನಿಮಾವಾದ ಕಥೆ ಮತ್ತೆ ರಂಗಕ್ಕೆ ಬಂದು ಕಲಾವಿದರ ಹೊಟ್ಟೆ ಹೊರೆಯಿತು. ಆ ತಂಡದ ದುಡಿಮೆಯಿಂದಲೇ 1960ರಲ್ಲಿ 'ರಣಧೀರ ಕಂಠೀರವ' ತಯಾರಾಯಿತು.

ಹಾಲಿವುಡ್‌ನಲ್ಲೊಂದು ಸಾದೃಶ್ಯ: 'ಅಬ್ಬಾ ಆ ಹುಡುಗಿ'

1959ರಲ್ಲಿ ಸಿಂಹ ಮೂರನೆಯ ಬಗೆಯ ಪ್ರಯೋಗಕ್ಕೆ ಕೈಹಾಕಿದರು. ತಾವೇ ಬರೆದು ನಿರ್ದೇಶಿಸಿದ 'ಅಬ್ಬಾ ಆ ಹುಡುಗಿ' ಹಾಸ್ಯಪ್ರಧಾನ ಸಾಮಾಜಿಕ ಚಿತ್ರ. ಗಂಡಸರನ್ನು ಕಂಡರಾಗದ, ಮಾತಿಗೆ ಮಾತು ಕೊಡುವ ಹುಡುಗಿಯಾಗಿ ಪಂಡರಿಬಾಯಿಯವರ ತಂಗಿ ಮೈನಾವತಿ ನಟಿಸಿದರು. ರಾಜಾಶಂಕರ್, ರಾಜ್‌ಕುಮಾರ್, ಪಂಡರಿಬಾಯಿ, ನರಸಿಂಹರಾಜು ಜೊತೆಗಿದ್ದರು. ಸಂಗೀತ ನೀಡಿದವರು ಸುಗಮ ಸಂಗೀತದ ಆದ್ಯ ಪ್ರವರ್ತಕ ಪಿ. ಕಾಳಿಂಗರಾವ್. ಆ ಚಿತ್ರದ ಹಾಡುಗಳನ್ನು ರೇಡಿಯೊ ಕೇಳಿ ಬೆಳೆದ ತಲೆಮಾರು ಇಂದಿಗೂ ಗುನುಗುತ್ತದೆ.

ಷೇಕ್ಸ್‌ಪಿಯರ್‌ನ 'ಟೇಮಿಂಗ್ ಆಫ್ ದ ಶ್ರೂ' ನಾಟಕದ ಎಳೆ ಇದರಲ್ಲಿ ಕಾಣುತ್ತದೆ. ಇದೇ ನಾಟಕವನ್ನು 1929ರಲ್ಲಿ ಹಾಲಿವುಡ್‌ನಲ್ಲಿ ಮೇರಿ ಪಿಕ್‌ಫರ್ಡ್ ಮತ್ತು ಡಗ್ಲಾಸ್ ಫೇರ್‌ಬ್ಯಾಂಕ್ಸ್ ಜೋಡಿ ಅಭಿನಯಿಸಿತ್ತು. ಅದನ್ನು ಅಳವಡಿಸಿ ನಿರ್ದೇಶಿಸಿದ ಸ್ಯಾಮ್ ಟೇಲರ್ ಕೂಡ ಸಿಂಹ ಅವರಂತೆ ಬರೆಯುವ ನಿರ್ದೇಶಕ. ಹೆರಾಲ್ಡ್ ಲಾಯ್ಡ್ ಗಡಿಯಾರದ ಮುಳ್ಳಿಗೆ ಜೋತುಬೀಳುವ 1923ರ 'ಸೇಫ್ಟಿ ಲಾಸ್ಟ್' ಚಿತ್ರದ ಬರಹಗಾರರಲ್ಲಿ ಹಾಗೂ ಇಬ್ಬರು ನಿರ್ದೇಶಕರಲ್ಲಿ ಟೇಲರ್ ಒಬ್ಬರು. ಜಗತ್ತು ಲಾಯ್ಡ್‌ನನ್ನು ನೆನಪಿಟ್ಟುಕೊಂಡಿತು, ಟೇಲರ್‌ನನ್ನು ಮರೆಯಿತು. ಗಡಿಯಾರಕ್ಕೆ ತೂಗುಬಿದ್ದವನ ಮುಖ ನೆನಪಿನಲ್ಲಿ ಉಳಿಯುತ್ತದೆ. ಅವನನ್ನು ಅಲ್ಲಿಗೆ ಹತ್ತಿಸಿದವನ ಹೆಸರು ಉಳಿಯುವುದಿಲ್ಲ. ಆರಂಭಕಾಲದ ಬರಹಗಾರ-ನಿರ್ದೇಶಕರಿಗೆ ಹಾಲಿವುಡ್‌ನಲ್ಲೂ ಕನ್ನಡದಲ್ಲೂ ಒದಗಿದ ಪಾಡು ಒಂದೇ.

ಗಂಡುಬೀರಿ ಹುಡುಗಿಯನ್ನು ಪಳಗಿಸುವ ಕಥೆಯನ್ನು ಇಂದಿನ ಕಣ್ಣಿನಿಂದ ನೋಡಿದರೆ ಆಕ್ಷೇಪಗಳೇಳುವುದು ಸಹಜ. ಹೆಣ್ಣಿನ ಸ್ವಾಭಿಮಾನವನ್ನು ತಿದ್ದಬೇಕಾದ ದೋಷವೆಂದು ಕಾಣುವ ದೃಷ್ಟಿ ಅದರಲ್ಲಿದೆ. ಆದರೆ ಅಳುವ ಸತಿ, ಕಾಯುವ ತಾಯಿಯ ಪಾತ್ರಗಳೇ ತುಂಬಿದ್ದ ಕಾಲದಲ್ಲಿ ಎದುರುತ್ತರ ಕೊಡುವ ಹುಡುಗಿಯನ್ನು ಕಥೆಯ ಕೇಂದ್ರದಲ್ಲಿ ನಿಲ್ಲಿಸಿ, ಚಿತ್ರಕ್ಕೆ ಅವಳ ಮೇಲೆಯೇ ಹೆಸರಿಟ್ಟದ್ದು ಸಣ್ಣ ಮಾತಲ್ಲ. 1976ರ 'ಬಹದ್ದೂರ್ ಗಂಡು', 1989ರ 'ನಂಜುಂಡಿ ಕಲ್ಯಾಣ' ಇದೇ ಎಳೆಯನ್ನು ಮುಂದುವರಿಸಿದವು.

'ಅಬ್ಬಾ ಆ ಹುಡುಗಿ'ಯ ನಂತರ 1962ರಲ್ಲಿ ಸಿಂಹ 'ತೇಜಸ್ವಿನಿ' ಚಿತ್ರವನ್ನು ನಿರ್ದೇಶಿಸಿದರು. ಅವರ ಚಿತ್ರಗಳ ಸಂಖ್ಯೆ ದೊಡ್ಡದಲ್ಲ. ಆದರೆ ಸಂಸಾರದ ಕಥೆ, ಭಕ್ತಿಯ ಕಥೆ, ಹಾಸ್ಯದ ಕಥೆ ಎಂಬ ಮೂರು ಜಾಡುಗಳಲ್ಲೂ ಅವರ ಹೆಜ್ಜೆಗುರುತು ಮೊದಲ ಸಾಲಿನಲ್ಲಿದೆ. ಮುಂದಿನ ಹಲವು ದಶಕಗಳ ಕನ್ನಡ ಚಿತ್ರಗಳಲ್ಲಿ ಬಹುಪಾಲು ಈ ಮೂರರಲ್ಲಿ ಒಂದು ಜಾಡನ್ನು ಹಿಡಿದವು.

ರಂಗದ ಋಣ, ಈ ಭಾಗದ ಪಾಲು

1956ರ ನವೆಂಬರ್ 1ರಂದು ಗುಲಬರ್ಗಾ, ಬೀದರ್, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ರಾಜಕೀಯ ಏಕೀಕರಣದ ಜೊತೆಜೊತೆಗೆ ಕನ್ನಡ ಚಿತ್ರಕ್ಕೂ ಒಂದು ಅಖಂಡ ಪ್ರೇಕ್ಷಕವರ್ಗ ದೊರೆಯಿತು. ಅದಕ್ಕೆ ಎರಡು ವರ್ಷ ಮೊದಲು ಸಿಂಹ ಆರಿಸಿದ್ದ ನಾಯಕನೇ ಆ ಪ್ರೇಕ್ಷಕವರ್ಗದ ಸಮಾನ ಬಂಧುವಾಗಿ ಬೆಳೆದರು. 1982ರ ಗೋಕಾಕ ಚಳವಳಿಗೆ ರಾಜ್‌ಕುಮಾರ್ ಧುಮುಕಿದಾಗ ಅದು ರಾಜ್ಯವ್ಯಾಪಿ ಜನಾಂದೋಲನವಾಯಿತು. ಪಾತ್ರಕ್ಕೆ ನಟನನ್ನು ಹುಡುಕುವಾಗ ನಿರ್ದೇಶಕರ ಮನಸ್ಸಿನಲ್ಲಿ ಇಷ್ಟೆಲ್ಲ ಇರಲು ಸಾಧ್ಯವಿಲ್ಲ. ಆದರೆ ಆ ಆಯ್ಕೆಯ ಫಲ ಸಿನಿಮಾದ ಎಲ್ಲೆಯನ್ನು ದಾಟಿತೆಂಬುದು ಚರಿತ್ರೆ.

ನಾಟಕದ ಹಸ್ತಪ್ರತಿ ಚಿತ್ರಕ್ಕೆ ಕಥೆ ಒದಗಿಸುವ ಪರಿಪಾಠ ಸಿಂಹ ಅವರಿಗೇ ಮುಗಿಯಲಿಲ್ಲ. ಉತ್ತರ ಕರ್ನಾಟಕದ ರಂಗಭೂಮಿಯೂ ಅದಕ್ಕೆ ತನ್ನ ಪಾಲು ಸಲ್ಲಿಸಿತು. ಸೂಳೇಭಾವಿಯ ಪಿ.ಬಿ. ಧುತ್ತರಗಿ ಅವರ 'ಸಂಪತ್ತಿಗೆ ಸವಾಲ್' ನಾಟಕ ಕಂಪನಿಗಳ ಮೂಲಕ ಹಳ್ಳಿಹಳ್ಳಿಗೆ ತಲುಪಿದ ಬಳಿಕ 1974ರಲ್ಲಿ ಚಿತ್ರವಾಯಿತು. ನಾಯಕ ರಾಜ್‌ಕುಮಾರ್ ಅವರೇ; ಅವರ ಗಾಯನ ಪಯಣಕ್ಕೆ ಹೊಸ ತಿರುವು ಕೊಟ್ಟ ಚಿತ್ರವೂ ಅದೇ. ಜಾತ್ರೆಯ ಪೆಂಡಾಲಿನಲ್ಲಿ ಚಪ್ಪಾಳೆ ಗಿಟ್ಟಿಸಿದ ಮಾತುಗಳೇ ಚಿತ್ರಮಂದಿರದಲ್ಲೂ ಚಪ್ಪಾಳೆ ಗಿಟ್ಟಿಸಿದವು.

ಕಾಪಾಡಬೇಕಾದ ಕಾಗದ

ಆರಂಭಕಾಲದ ಚಿತ್ರಗಳನ್ನು ಮುದ್ರಿಸುತ್ತಿದ್ದ ನೈಟ್ರೇಟ್ ಫಿಲಂ ಬೇಗ ಬೆಂಕಿ ಹತ್ತುವಂಥದ್ದು, ಕೆಡುವಂಥದ್ದು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ಅಷ್ಟರೊಳಗೆ ದೇಶದ ಅಪಾರ ಸಂಖ್ಯೆಯ ಹಳೆಯ ಚಿತ್ರಗಳು ನಾಶವಾಗಿದ್ದವು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿಯೇ ಇಂದು ನಮಗಿಲ್ಲ.

ಫಿಲಂ ಹೋದರೂ ಕಾಗದ ಉಳಿದಿರಬಹುದು. ಕಂಪನಿ ನಾಟಕದ ಹಸ್ತಪ್ರತಿಗಳು, ಗದಗಿನಲ್ಲಿ ಅಚ್ಚಾಗಿ ಜಾತ್ರೆಗಳಲ್ಲಿ ಮಾರಾಟವಾದ ನಾಟಕ ಪುಸ್ತಕಗಳು, ಚಿತ್ರಮಂದಿರದ ಬಾಗಿಲಲ್ಲಿ ಸಿಗುತ್ತಿದ್ದ ಹಾಡಿನ ಪುಸ್ತಕಗಳು, ಕರಪತ್ರಗಳು ಇಂದಿಗೂ ಹಳೆಯ ಮನೆಗಳ ಅಟ್ಟಗಳಲ್ಲಿವೆ. ಗೆದ್ದಲು ಹಿಡಿಯುವ ಮುನ್ನ ಅವನ್ನು ಕಲೆಹಾಕಿದರೆ ಬರಹಗಾರ-ನಿರ್ದೇಶಕರ ಆ ತಲೆಮಾರು ಹೇಗೆ ಯೋಚಿಸಿತು, ಯಾವ ಸಾಲನ್ನು ಉಳಿಸಿತು, ಯಾವುದನ್ನು ಬಿಟ್ಟಿತು ಎಂಬುದು ತಿಳಿಯುತ್ತದೆ. ಈ ಕೆಲಸಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಜಿಲ್ಲೆಯ ಗ್ರಂಥಾಲಯಗಳು, ಕಾಲೇಜುಗಳ ಕನ್ನಡ ವಿಭಾಗಗಳು ಮನಸ್ಸು ಮಾಡಿದರೆ ಸಾಕು.

ಸಿಂಹ ಅವರಿಗೆ ಸಲ್ಲಬೇಕಾದ ಗೌರವ ಒಂದು ರಸಪ್ರಶ್ನೆಯ ಉತ್ತರಕ್ಕಿಂತ ಹೆಚ್ಚಿನದು. ಅವರು ಒಬ್ಬ ನಟನನ್ನು ಕೊಟ್ಟರೆಂಬುದು ನಿಜ. ಅದಕ್ಕೆ ಹದಿನೆಂಟು ವರ್ಷ ಮೊದಲೇ ಕನ್ನಡದ ಸಾಮಾನ್ಯ ಸಂಸಾರವೊಂದು ಬೆಳ್ಳಿತೆರೆಗೆ ತಕ್ಕ ವಸ್ತುವೆಂದು ತೋರಿಸಿಕೊಟ್ಟವರೂ ಅವರೇ.